ಕಂಬದ ಮೇಲಿನ ಗೂಡು: ನಿಮ್ಮ ಹಕ್ಕಿ ಪ್ರಶ್ನೆಗೆ ಹಳೇ ಲೈನ್‌ಮನ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ಮಾತು: "ಇದು ಶುಭವೋ ಅಶುಭವೋ?" ನಾನು ಜೋಯಿಸನಲ್ಲ ಮಾರಾಯ್ರೆ. ಹೊಸನಗರದ ಕಡೆ 32 ವರ್ಷ ಲೈನ್‌ಮನ್ ಆಗಿದ್ದವನು. ಕಂಬ ಹತ್ತಿದಾಗ ಸುತ್ತ ಕಾಣುವುದು ಎರಡೇ: ಅಡಕೆ ತೋಟದ ತಲೆ, ಮತ್ತೆ ಹಕ್ಕಿ. ತೋಟ ನಮ್ಮದಲ್ಲ, ಹಾಗಾಗಿ ಹಕ್ಕಿ ನೋಡಿದೆ. ನನ್ನ ವಿದ್ಯೆ ಅಷ್ಟೇ. ಶಕುನದ ಪತ್ರಗಳಿಗೂ ಉತ್ತರ ಕೊಟ್ಟಿದ್ದೇನೆ, ಆದರೆ ನಿಮಗೆ ಬೇಕಾದ ಉತ್ತರ ಅಲ್ಲದಿರಬಹುದು.

ಪ್ರಶ್ನೆ: ದಿನಾ ಬೆಳಗ್ಗೆ ಕಪ್ಪು-ಬಿಳಿ ಹಕ್ಕಿಯೊಂದು ಬಂದು ನಮ್ಮ ಬೈಕಿನ ಕನ್ನಡಿಗೆ ಕುಟ್ಟುತ್ತದೆ. ಅತ್ತೆ ತೀರಿಕೊಂಡು ಮೂರು ತಿಂಗಳಾಯಿತು. ಅವರೇ ಬಂದಿದ್ದಾರೆ ಅಂತ ನಮ್ಮನೆಯವರು ಜಗಲಿಯಲ್ಲಿ ಅನ್ನ ಇಡುತ್ತಿದ್ದಾರೆ. ಏನು ಮಾಡುವುದು?
– ಗೃಹಿಣಿ, ಸಾಗರ ತಾಲ್ಲೂಕು

ಬಾಲ ಎತ್ತಿ ಎತ್ತಿ ಆಡಿಸುತ್ತದಾ? ಬೆಳಗಿನ ಜಾವ ತಂತಿಯ ಮೇಲೋ ಮಾಡಿನ ತುದಿಯಲ್ಲೋ ಕೂತು ಚಂದ ಹಾಡುತ್ತದಾ? ಹಾಗಾದರೆ ಅದು ಮಡಿವಾಳ. ಕಪ್ಪು ಮಿರಿಮಿರಿ ಅಂದರೆ ಗಂಡು, ಹೆಣ್ಣಾದರೆ ಕಪ್ಪಿನ ಜಾಗದಲ್ಲಿ ಬೂದು. ಮಾರ್ಚ್‌ನಿಂದ ಜುಲೈವರೆಗೆ ಅದಕ್ಕೆ ಗೂಡಿನ ಕಾಲ. ನಿಮ್ಮ ಅಂಗಳ, ಬಚ್ಚಲ ಹಿಂದಿನ ಬಾಳೆ, ಕೊಟ್ಟಿಗೆ ಎಲ್ಲ ತನ್ನ ಹೆಸರಿನಲ್ಲಿ ಪಹಣಿ ಆಗಿದೆ ಅಂತ ತಿಳಿದುಕೊಂಡಿರುತ್ತದೆ. ಅಷ್ಟರಲ್ಲಿ ಕನ್ನಡಿಯೊಳಗೆ ಇನ್ನೊಂದು ಗಂಡು! ಇದು ಕುಟ್ಟಿದರೆ ಅದೂ ಕುಟ್ಟುತ್ತದೆ, ಇದು ಹೋಗದಿದ್ದರೆ ಅದೂ ಹೋಗುವುದಿಲ್ಲ. ಗಡಿ ಜಗಳ ಮುಗಿಯುವುದು ಹೇಗೆ?

ಕನ್ನಡಿಗೆ ಹಳೇ ಕಾಲುಚೀಲ ಹಾಕಿಬಿಡಿ. ಬಿಟ್ಟರೆ ಪಾಪ ಅದು ದಿನಗಟ್ಟಲೆ ಕುಟ್ಟಿ ಸುಸ್ತಾಗುತ್ತದೆ, ಮರಿಗೆ ಹುಳ ತರುವ ಹೊತ್ತೂ ಹಾಳು.

ಅನ್ನದ ವಿಷಯ. ಇಡುವುದು ನಿಮ್ಮ ಮನೆಯ ಸಮಾಧಾನ, ಬೇಡ ಅನ್ನಲು ನಾನ್ಯಾರು. ಆದರೆ ಮಡಿವಾಳ ಹುಳ ಹಿಡಿಯುವ ಹಕ್ಕಿ, ಅನ್ನಕ್ಕೆ ಬರುವುದಲ್ಲ. ನೀವಿಟ್ಟದ್ದು ಖಾಲಿಯಾಗುತ್ತಿದ್ದರೆ ತಿಂದದ್ದು ಕಾಗೆ ಇರಬೇಕು. ಲೆಕ್ಕ ಹಾಕಿದರೆ ಅದು ಸರಿಯಾದ ವಿಳಾಸಕ್ಕೇ ಹೋಯಿತು, ಅಲ್ವಾ?

ಪ್ರಶ್ನೆ: ಹೋದ ಅಕ್ಟೋಬರ್‌ನಲ್ಲಿ ನಮ್ಮ ಹಾಸ್ಟೆಲ್ ವರಾಂಡದಲ್ಲಿ ಬಣ್ಣಬಣ್ಣದ ಮೋಟು ಬಾಲದ ಹಕ್ಕಿ ಬಿದ್ದಿತ್ತು. ಹಸಿರು ಬೆನ್ನು, ಬಾಲದ ಕೆಳಗೆ ಕೆಂಪು. ಗಾಯ ಏನೂ ಇರಲಿಲ್ಲ. ಹತ್ತಿಯಲ್ಲಿ ಅದ್ದಿ ಹಾಲು ಕುಡಿಸಿದೆವು. ಎಲ್ಲರೂ ಕೈಯಲ್ಲಿ ಹಿಡಿದು ಫೋಟೋ ತೆಗೆದುಕೊಂಡೆವು. ರಾತ್ರಿ ಸತ್ತುಹೋಯಿತು. ನಾವು ಎಂತ ತಪ್ಪು ಮಾಡಿದೆವು?
– ಕಾಲೇಜು ವಿದ್ಯಾರ್ಥಿನಿ, ತೀರ್ಥಹಳ್ಳಿ

ಮೊದಲು ಒಂದು ಮಾತು ಮಗಳೇ. ಕಂಡೂ ಕಾಣದ ಹಾಗೆ ದಾಟಿ ಹೋಗಲಿಲ್ಲವಲ್ಲ, ಅದು ದೊಡ್ಡದು. ತಪ್ಪು ಎರಡಾಯಿತು, ಹೇಳುತ್ತೇನೆ.

ಅದು ನವರಂಗ. ಮಳೆಗಾಲದಲ್ಲಿ ಹಿಮಾಲಯದ ತಪ್ಪಲಿನಲ್ಲಿ, ಮಧ್ಯ ಭಾರತದ ಕಾಡುಗಳಲ್ಲಿ ಗೂಡು ಕಟ್ಟಿ ಮರಿ ಮಾಡುತ್ತದೆ. ಅಲ್ಲಿ ಮಳೆ ಮುಗಿದ ಮೇಲೆ ಚಳಿಗಾಲ ಕಳೆಯಲು ದಕ್ಷಿಣಕ್ಕೆ ಬರುತ್ತದೆ, ಕೆಲವು ಶ್ರೀಲಂಕಾದವರೆಗೂ ಹೋಗುತ್ತವೆ. ನೆಲದ ಮೇಲೆ ತರಗೆಲೆ ಕೆದಕಿ ಹುಳ ತಿನ್ನುವ ಹಕ್ಕಿ ಅದು, ಗಿಡುಗನ ಹಾಗೆ ರೆಕ್ಕೆ ಚಾಚಿ ತೇಲುವ ಜಾತಿಯಲ್ಲ. ಆದರೂ ಅಷ್ಟು ದೂರ ರಾತ್ರಿ ಹೊತ್ತು ಹಾರುತ್ತದೆ. ಬಂದು ಮುಟ್ಟುವಾಗ ಮೈಯಲ್ಲಿ ಏನೂ ಉಳಿದಿರುವುದಿಲ್ಲ. ದೀಪ ಕಂಡು ಗೊಂದಲವಾಗಿ ಗೋಡೆಗೋ ಗಾಜಿಗೋ ಹೊಡೆದುಕೊಂಡು ಬೀಳುವುದೂ ಉಂಟು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಜಗಲಿ, ಶಾಲೆ ವರಾಂಡ, ಬಸ್ ಸ್ಟ್ಯಾಂಡ್ ಎಲ್ಲೆಂದರಲ್ಲಿ ಸಿಗುತ್ತದೆ.

ಹಾಲು ಯಾವ ಹಕ್ಕಿಯ ಆಹಾರವೂ ಅಲ್ಲ. ಅದರ ಹೊಟ್ಟೆಗೆ ಹಾಲು ಅರಗುವುದಿಲ್ಲ. ಬಾಯಿಗೆ ಏನೇ ಹನಿಸಿದರೂ, ನೀರಾದರೂ ಸರಿ, ಉಸಿರಿನ ಕೊಳವೆಗೆ ಹೋಗಿಬಿಡಬಹುದು. ಎರಡನೆಯದು ಕೈಯಿಂದ ಕೈಗೆ ಕೊಟ್ಟದ್ದು. ನಿಮಗೆ ಪ್ರೀತಿ, ಅದಕ್ಕೆ ಹತ್ತು ಬೆಕ್ಕು ಒಟ್ಟಿಗೆ ಹಿಡಿದ ಹಾಗೆ.

ನಮ್ಮ ಕರೆಂಟು ಸ್ಟೇಷನ್ನಿಗೆ ಒಮ್ಮೆ ಹೀಗೇ ಒಂದು ಬಂದು ಬಿದ್ದಿತ್ತು. ರಿಜಿಸ್ಟರ್ ಇಡುವ ಕಪಾಟಿನ ಅಡಿ ಸೇರಿಕೊಂಡಿತ್ತು. ಬೂಟಿನ ಖಾಲಿ ಡಬ್ಬಕ್ಕೆ ಪೆನ್ಸಿಲಿನಿಂದ ತೂತು ಮಾಡಿ, ಅಡಿಗೆ ಹಳೇ ಬನಿಯನ್ ಹಾಸಿ, ಒಳಗೆ ಬಿಟ್ಟು ಮುಚ್ಚಿದೆ. ಕತ್ತಲೆ, ಸದ್ದಿಲ್ಲ. ಔಷಧಿ ಅಂದರೆ ಅಷ್ಟೇ. ಅದರ ಮೈಗೆ ಬೇಕಾದ್ದು ನಿದ್ದೆ. ಸಂಜೆ ಐದೂವರೆಗೆ ಡಬ್ಬದೊಳಗೆ ಗರಗರ ಓಡಾಡುವ ಸದ್ದು. ಹಿಂದಿನ ಬಿದಿರುಮೆಳೆಯ ಹತ್ತಿರ ಮುಚ್ಚಳ ತೆಗೆದೆ. ಅರ್ಧ ನಿಮಿಷ ನನ್ನನ್ನೇ ನೋಡಿತು. ಆಮೇಲೆ ಕುಪ್ಪಳಿಸಿ ಕುಪ್ಪಳಿಸಿ ಮೆಳೆಯೊಳಗೆ ಹೋಯಿತು. ಹಾರಲೇ ಇಲ್ಲ! ನನಗೆ ಬೇಜಾರು. ಕತ್ತಲಾಗುವ ಹೊತ್ತಿಗೆ ಅದೇ ಮೆಳೆಯಿಂದ ಎರಡು ಸ್ವರದ ಸಿಳ್ಳೆ ಕೇಳಿತು. ಅದರ ಅಭ್ಯಾಸವೇ ಅದು: ಬೆಳಗ್ಗೆ ಒಂದು ಸರ್ತಿ, ಸಂಜೆ ಒಂದು ಸರ್ತಿ ಕೂಗುವುದು. ತಮಿಳಿನಲ್ಲಿ ಅದಕ್ಕೆ ಆರು ಗಂಟೆಯ ಹಕ್ಕಿ ಅಂತಲೇ ಹೆಸರು.

ರೆಕ್ಕೆ ಜೋತುಬಿದ್ದಿದ್ದರೆ, ರಕ್ತ ಇದ್ದರೆ, ಡಬ್ಬದ ಸಮೇತ ಪಶು ಆಸ್ಪತ್ರೆಗೋ ಅರಣ್ಯ ಇಲಾಖೆಯವರಿಗೋ ಮುಟ್ಟಿಸಿ. ಈ ಅಕ್ಟೋಬರ್‌ಗೆ ಹಾಸ್ಟೆಲ್ಲಿನಲ್ಲಿ ಒಂದು ಡಬ್ಬ ತೆಗೆದಿಡಿ.

ಪ್ರಶ್ನೆ: ಲೈನ್‌ಮನ್ ಅಜ್ಜ, ನಾವು ಮುಟ್ಟಿದರೆ ಕರೆಂಟ್ ಹೊಡೆಯುತ್ತದೆ. ಹಕ್ಕಿಗೆ ಯಾಕೆ ಹೊಡೆಯಲ್ಲ?
– ಐದನೇ ಕ್ಲಾಸು, ರಿಪ್ಪನ್‌ಪೇಟೆ

ಶಭಾಷ್ ಪುಟ್ಟಾ. ಇಷ್ಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಕೇಳಿದವನು ನೀನೊಬ್ಬನೇ.

ಕರೆಂಟು ಹೊಳೆ ನೀರಿನ ಹಾಗೆ. ಮೇಲಿನಿಂದ ಕೆಳಗೆ ದಾರಿ ಇದ್ದರೆ ಮಾತ್ರ ಹರಿಯುತ್ತದೆ. ಹಕ್ಕಿಯ ಎರಡೂ ಕಾಲು ಒಂದೇ ತಂತಿಯ ಮೇಲೆ. ಎರಡು ಕಾಲಿನ ಕೆಳಗೂ ಒಂದೇ ವೋಲ್ಟು. ಮೇಲು-ಕೆಳಗು ಅಂತಲೇ ಇಲ್ಲ, ಹಾಗಾಗಿ ಅದರ ಮೈಯೊಳಗೆ ಹರಿಯಲು ಕಾರಣವೂ ಇಲ್ಲ. ನಾವು ಮುಟ್ಟುವಾಗ ಕಾಲು ನೆಲದ ಮೇಲಿರುತ್ತದೆ. ತಂತಿಯಿಂದ ಭೂಮಿಗೆ ನಾವೇ ಕಾಲುವೆ ತೋಡಿಕೊಟ್ಟ ಹಾಗೆ. ಮನೆಗೆ ಬರುವ 230 ವೋಲ್ಟೇ ಸಾಕು ಪ್ರಾಣ ತೆಗೆಯಲು, ಊರಿಂದ ಊರಿಗೆ ಹೋಗುವ ಲೈನಿನಲ್ಲಿ 11,000 ವೋಲ್ಟು. ಹಕ್ಕಿ ಕೂತಿದೆ ಅಂತ ನೀನು ಮುಟ್ಟಲು ಹೋಗಬೇಡ. ಬಿದ್ದ ತಂತಿಯ ಹತ್ತಿರವೂ ಸುಳಿಯಬೇಡ.

ಹಕ್ಕಿಗೂ ಹೊಡೆಯುವುದುಂಟು. ನವಿಲು, ಗಿಡುಗ ರೆಕ್ಕೆ ಬಿಚ್ಚಿದಾಗ ಒಂದು ತುದಿ ಈ ತಂತಿಗೆ, ಇನ್ನೊಂದು ತುದಿ ಆ ತಂತಿಗೆ ತಾಗಿದರೆ ಮುಗಿಯಿತು. ತಂತಿಯ ಮೇಲೆ ಕೂತು ಕಂಬದ ತಲೆಯ ಕಬ್ಬಿಣದ ಅಡ್ಡಪಟ್ಟಿ (ಕ್ರಾಸ್ ಆರ್ಮ್) ಮುಟ್ಟಿದರೂ ಅಷ್ಟೇ. ಬಾವಲಿಗಳಂತೂ ಎರಡು ತಂತಿಯ ನಡುವೆ ಒಣಗಲು ಹಾಕಿದ ಬಟ್ಟೆಯ ಹಾಗೆ ಜೋತಾಡುತ್ತಿರುತ್ತವೆ. ನೀನು ನೋಡಿರಬಹುದು.

ಇನ್ನು ಕಾಗೆ. ಅದು ತಾನು ಸಾಯುವುದು ಕಡಿಮೆ, ಊರಿಗೇ ಕತ್ತಲೆ ಮಾಡುತ್ತದೆ! ಈಗ ಕಾಗೆ ಗೂಡಿಗೆ ಕಡ್ಡಿ ಮಾತ್ರ ತರುವುದಿಲ್ಲ. ನಾವು ಕಂಬದ ಬುಡದಲ್ಲಿ ಬಿಟ್ಟುಹೋದ ಬೈಂಡಿಂಗ್ ವೈರು, ಬೇಲಿಯ ತಂತಿ, ಕೊಡೆಯ ಕಡ್ಡಿ ಎಲ್ಲ ತರುತ್ತದೆ. ಒಂದು ಮೇ ತಿಂಗಳು, ನಗರ ಅನ್ನುವ ಊರಿನ ಹತ್ತಿರದ ಒಂದು ಹಳ್ಳಿ. ಗಾಳಿ ಬೀಸಿದಾಗಲೆಲ್ಲ ಲೈನು ಟ್ರಿಪ್. ಮೂರು ದಿನ ಹುಡುಕಿದೆವು. ಕೊನೆಗೆ ನೋಡಿದರೆ ಕಂಬದ ತಲೆಯಲ್ಲಿ ಕಾಗೆ ಗೂಡು, ಅದರಿಂದ ಒಂದು ಗೇಣು ವೈರು ಹೊರಗೆ ಜೋತು ಗಾಳಿಗೆ ಲೈನಿಗೆ ತಾಗುತ್ತಿದೆ. "ಕಿತ್ತು ಬಿಸಾಕಿ" ಅಂತ ಮೇಲಿನವರ ಮಾತು. ಎಲ್‌ಸಿ, ಅಂದರೆ ಲೈನಿನ ಕರೆಂಟು ತೆಗೆಸಿದ ಅನುಮತಿ, ತೆಗೆದುಕೊಂಡು ಹತ್ತಿದೆ. ಗೂಡಿನಲ್ಲಿ ಮೂರು ಮರಿ. ಎರಡು ಕಾಗೆಯವು, ಇನ್ನೂ ಬೋಳು ಬೋಳು. ಮೂರನೆಯದಕ್ಕೆ ಆಗಲೇ ಗರಿ ಬಂದಿದೆ, ಬಾಯಿ ಮಾತ್ರ ಎಲ್ಲರಿಗಿಂತ ಮೊದಲು ತೆರೆಯುತ್ತದೆ. ಅದು ಕೋಗಿಲೆ ಮರಿ. ಕೋಗಿಲೆಯ ಮೊಟ್ಟೆ ಕಾಗೆಯದಕ್ಕಿಂತ ಮೊದಲೇ ಒಡೆಯುತ್ತದೆ, ಹಾಗಾಗಿ ಊಟದ ಸಾಲಿನಲ್ಲಿ ಅದೇ ಮುಂದೆ.

ಬಿಸಾಕಲು ಕೈ ಬರಲಿಲ್ಲ. ಕೆಳಗಿದ್ದ ಹೆಲ್ಪರ್ ಪಕ್ಕದ ಮನೆಯಿಂದ ಒಂದು ಹಳೇ ಅಡಕೆ ಬುಟ್ಟಿ ತಂದ. ಗೂಡಿನ ಸಮೇತ ಅದರಲ್ಲಿಟ್ಟು, ಹತ್ತು ಮಾರು ದೂರದ ಹಲಸಿನ ಮರಕ್ಕೆ ಕಟ್ಟಿದೆವು. ಅಷ್ಟು ಹೊತ್ತೂ ತಾಯಿ-ತಂದೆ ಕಾಗೆ ನನ್ನ ಹೆಲ್ಮೆಟ್ಟಿಗೆ ಟಣಟಣ. ಮರುದಿನ ನೋಡಲು ಹೋದೆ. ಕಾಗೆ ಬುಟ್ಟಿಯ ಅಂಚಿನಲ್ಲಿ ಕೂತು ಮೂರಕ್ಕೂ ಉಣಿಸುತ್ತಿತ್ತು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅನ್ನುತ್ತಾರಲ್ಲ, ಅದು ಸುಳ್ಳು ಅಂತ ಕಣ್ಣಾರೆ ಕಂಡೆ. ಮರಿ ಕೆಳಗೆ ಬಿದ್ದಿದ್ದರೆ ಎತ್ತಿ ಗೂಡಿಗಿಡಿ, ತೊಂದರೆ ಇಲ್ಲ. ಗರಿ ಪೂರ್ತಿ ಬಂದು ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ, ಎತ್ತಲೂ ಬೇಡಿ. ಬೆಕ್ಕು ಕಟ್ಟಿಹಾಕಿ ಸಾಕು.

ಆ ಕಾಗೆ ಮಾತ್ರ ಉಪಕಾರ ಮರೆತಿತು. ಎರಡು ವಾರ ನನ್ನ ತಲೆ ಕಂಡರೆ ಅಟ್ಟಿಸಿಕೊಂಡು ಬರುತ್ತಿತ್ತು. ಹೆಲ್ಪರ್‌ಗೆ ಏನೂ ಮಾಡಲಿಲ್ಲ. ಕಾಗೆಗಳು ಮುಖ ಗುರುತಿಟ್ಟುಕೊಳ್ಳುತ್ತವೆ ಪುಟ್ಟಾ, ಕಲ್ಲು ಹೊಡೆಯುವ ಮೊದಲು ಯೋಚನೆ ಮಾಡು.

ಪ್ರಶ್ನೆ: ಗಿಳಿಮರಿ ಸಿಕ್ಕಿದೆ. ಮಾತು ಕಲಿಸುವುದು ಹೇಗೆ?
– ಶಿಕಾರಿಪುರ

ಕಲಿಸಬೇಡಿ. ನಮ್ಮ ಕಾಡಿನ ಗಿಳಿಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಪಂಜರ ದೊಡ್ಡದಿದ್ದರೂ ಅಷ್ಟೇ, ಪ್ರೀತಿ ದೊಡ್ಡದಿದ್ದರೂ ಅಷ್ಟೇ. ಅರಣ್ಯ ಇಲಾಖೆಗೆ ಕೊಡಿ.

ಪ್ರಶ್ನೆ: ಕೆಂಬೂತದ ಗೂಡಿನಲ್ಲಿ ಸಂಜೀವಿನಿ ಕಡ್ಡಿ ಇರುತ್ತದಂತೆ. ಮರಿಯ ಕಾಲಿಗೆ ಕಬ್ಬಿಣದ ಸರಪಳಿ ಕಟ್ಟಿದರೆ ತಾಯಿ ಆ ಕಡ್ಡಿ ತಂದು ಮುಟ್ಟಿಸಿ ತುಂಡು ಮಾಡುತ್ತದಂತೆ. ನೀವು ನೋಡಿದ್ದೀರಾ?
– ಕೃಷಿಕರು, ಕೋಣಂದೂರು

ನಮ್ಮಜ್ಜ ಹೇಳುತ್ತಿದ್ದ ಕಥೆಯೂ ಇದೇ. ಆ ಕಡ್ಡಿ ಹೊಳೆಗೆ ಹಾಕಿದರೆ ನೀರಿಗೆ ಎದುರಾಗಿ ಹೋಗುತ್ತದೆ ಅಂತ ಬೇರೆ! ಅಂಥದ್ದೊಂದು ಸಿಕ್ಕಿದ್ದರೆ ನಾನು 32 ವರ್ಷ ಸೊಂಟಕ್ಕೆ ಕಟಿಂಗ್ ಪ್ಲೇಯರ್ ಕಟ್ಟಿಕೊಂಡು ಅಲೆಯಬೇಕಿರಲಿಲ್ಲ.

ಗೂಡು ನೋಡಿದ್ದೇನೆ. ಬಿದಿರುಮೆಳೆಯ ಮುಳ್ಳಿನ ನಡುವೆ ಎಲೆ-ಕಡ್ಡಿ ತುರುಕಿದ ಒಂದು ದೊಡ್ಡ ಉಂಡೆ. ಕೆಂಬೂತ ಕೋಗಿಲೆಯ ಬಳಗ, ಆದರೆ ಸ್ವಾಭಿಮಾನಿ. ತನ್ನ ಗೂಡು ತಾನೇ ಕಟ್ಟಿ, ತನ್ನ ಮರಿ ತಾನೇ ಸಾಕುತ್ತದೆ. ಬಸವನಹುಳು, ಓತಿಕ್ಯಾತ, ಇಲಿಮರಿ ಎಲ್ಲ ತಿನ್ನುತ್ತದೆ. ಅಡಕೆ ತೋಟದಲ್ಲಿ ಬಸವನಹುಳು ಜಾಸ್ತಿಯಾಗಿದೆ ಅಂತ ಗೋಳಾಡುವವರು ಮೆಳೆ ಕಡಿಯದಿದ್ದರೆ ಸಾಕು, ನಿಮ್ಮ ಸಂಜೀವಿನಿ ಅಲ್ಲಿದೆ. ಮರಿಗೆ ಸರಪಳಿ ಕಟ್ಟಿ ಪರೀಕ್ಷೆ ಮಾಡಬೇಡಿ ದಯವಿಟ್ಟು. ಮರಿ ಉಪವಾಸ ಸಾಯುತ್ತದೆ ಅಷ್ಟೇ.

ಪ್ರಶ್ನೆ: ನಮ್ಮೂರ ಕೆರೆಯಂಚಿನಲ್ಲಿ ಒಂದು ಬಾತು ಸತ್ತು ಬಿದ್ದಿತ್ತು. ಕಾಲಿನಲ್ಲಿ ಲೋಹದ ಬಳೆ, ಅದರ ಮೇಲೆ ನಂಬರು. ಬೇರೆ ದೇಶದವರು ಗೂಢಚಾರಿಕೆಗೆ ಬಿಟ್ಟದ್ದು ಅಂತ ಊರಲ್ಲಿ ಮಾತು. ಕೆಲವರು ಇದರಿಂದಲೇ ಮಂಗನ ಕಾಯಿಲೆ ಬರುತ್ತದೆ ಅಂತ ಹೆದರಿಸುತ್ತಿದ್ದಾರೆ.
– ಸೊರಬ ತಾಲ್ಲೂಕು

ನಿಮ್ಮ ಪತ್ರ ಓದಿ ಮೈ ಜುಂ ಎಂದಿತು. ಯಾಕೆಂದರೆ ಹಕ್ಕಿ ಕಾಲಿನ ಬಳೆಗೂ ಮಂಗನ ಕಾಯಿಲೆಗೂ ನಿಜವಾಗಿಯೇ ನಂಟಿದೆ, ಅದೂ ನಿಮ್ಮ ತಾಲ್ಲೂಕಿನಲ್ಲೇ.

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಜನಕ್ಕೂ ಜ್ವರ ಹಿಡಿಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದಾಗ ಅದು ಉಣುಗಿನಿಂದ ಹರಡುವ ಹೊಸ ವೈರಸ್ ಅಂತ ಗೊತ್ತಾಯಿತು. ಆ ವೈರಸ್ಸಿಗೆ ರಷ್ಯಾ ಕಡೆಯ ಒಂದು ಉಣುಗು ಜ್ವರದ ವೈರಸ್ ಹತ್ತಿರದ ನೆಂಟ. ಅಷ್ಟು ದೂರದ್ದು ಇಲ್ಲಿಗೆ ಹೇಗೆ? ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳ ಮೈಮೇಲಿನ ಉಣುಗಿನಲ್ಲಿ ಬಂತೇ ಅಂತ ಅನುಮಾನ ಬಂತು. ಹಾಗಾದರೆ ಯಾವ ಹಕ್ಕಿ ಎಲ್ಲಿಂದ ಬರುತ್ತದೆ ಅಂತ ಮೊದಲು ಗೊತ್ತಾಗಬೇಕಲ್ಲ. ಪಕ್ಷಿತಜ್ಞ ಸಲೀಂ ಅಲಿ ಮತ್ತು ಅವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೊಡ್ಡ ಪ್ರಮಾಣದಲ್ಲಿ ಹಕ್ಕಿಗಳ ಕಾಲಿಗೆ ಬಳೆ ತೊಡಿಸುವ ಕೆಲಸ ಶುರುಮಾಡಿದ್ದು ಹೀಗೆ. ನಮ್ಮ ಕಾಡಿನ ಜ್ವರದಿಂದ ದೇಶದ ಹಕ್ಕಿ ವಲಸೆಯ ಲೆಕ್ಕ ಶುರುವಾಯಿತು ನೋಡಿ! ವೈರಸ್ಸನ್ನು ಹಕ್ಕಿಗಳೇ ಹೊತ್ತು ತಂದವು ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಆದರೆ ಸಾವಿರಾರು ಹಕ್ಕಿಗಳ ಊರು ಸಿಕ್ಕಿತು.

ನೀವು ಮಾಡಬೇಕಾದ್ದು: ಬಳೆಯ ಮೇಲಿನ ನಂಬರು, ವಿಳಾಸ ಬರೆದುಕೊಳ್ಳಿ. ಯಾವ ಸಂಸ್ಥೆಯ ಹೆಸರಿದೆಯೋ ಅವರಿಗೆ ಸಿಕ್ಕ ಜಾಗ, ದಿನ ತಿಳಿಸಿ. ಎಲ್ಲಿ, ಯಾವಾಗ ತೊಡಿಸಿದ್ದು ಅಂತ ಅವರಿಂದ ತಿಳಿಯುತ್ತದೆ. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ನಾಲ್ಕಾರು ಹಕ್ಕಿ ಒಟ್ಟಿಗೆ ಸತ್ತಿದ್ದರೆ ಪಶು ವೈದ್ಯರಿಗೆ ಹೇಳಿ. ಮಂಗನ ಕಾಯಿಲೆಗೆ ಹೆದರಬೇಕಾದ್ದು ಕೆರೆಯ ಬಾತಿಗಲ್ಲ, ಕಾಡಿನ ತರಗೆಲೆಯಲ್ಲಿರುವ ಉಣುಗಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.

ಗೂಢಚಾರಿಕೆ ಸುದ್ದಿ ಹಬ್ಬಿಸಿದವರಿಗೆ ಈ ಪುಟ ಓದಲು ಕೊಡಿ.

ಪ್ರಶ್ನೆ: ಮಂಡಗದ್ದೆ ಪಕ್ಷಿಧಾಮಕ್ಕೆ ಬೇಸಿಗೆ ರಜೆಯಲ್ಲಿ ಹೋಗಿದ್ದೆವು. ಒಂದು ಹಕ್ಕಿಯೂ ಇಲ್ಲ. ಬೋರ್ಡು ಸುಳ್ಳಾ?
– ದಾವಣಗೆರೆ

ಬೋರ್ಡು ಸರಿ ಇದೆ, ಕ್ಯಾಲೆಂಡರ್ ತಪ್ಪು. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್. ತುಂಗೆಯ ನಡುವಿನ ಒಂದು ಪುಟ್ಟ ನಡುಗಡ್ಡೆ ಅದು. ಹಕ್ಕಿಗಳು ಬರುವುದೇ ಹೊಳೆ ತುಂಬಿದಾಗ. ಸುತ್ತ ಕೆಂಪು ನೀರು ಇದ್ದರೆ ಮೊಟ್ಟೆಗೆ ಹಾವು-ಬೆಕ್ಕಿನ ಕಾಟ ಕಡಿಮೆ. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಒಂದೇ ಗಿಡದಲ್ಲಿ ಮೂರು ಮಹಡಿ ಮಾಡಿಕೊಂಡಿರುತ್ತವೆ. ಜುಲೈನಿಂದ ಸೆಪ್ಟೆಂಬರ್ ಒಳಗೆ ಕೊಡೆ ಹಿಡಿದು ಬನ್ನಿ. ದಡದಿಂದಲೇ ಕಾಣುತ್ತದೆ. ವಾಸನೆಗೆ ಮಾತ್ರ ತಯಾರಾಗಿರಿ.

ಪ್ರಶ್ನೆ: ಜೋಗದಲ್ಲಿ ನೀರಿನ ಹಿಂದಕ್ಕೆ ನುಗ್ಗಿ ಹೋಗುವ ಹಕ್ಕಿ ಯಾವುದು? ಗುಬ್ಬಿಯಾ?
– ತಾಳಗುಪ್ಪ

ಗುಬ್ಬಿಗೆ ಆ ಧೈರ್ಯ ಎಲ್ಲಿಂದ! ಕುಡುಗೋಲಿನ ಹಾಗೆ ಬಾಗಿದ ಉದ್ದ ರೆಕ್ಕೆ, ಬಿಳಿ ಹೊಟ್ಟೆ ಇದ್ದರೆ ಅದು ದೊಡ್ಡ ಜಾತಿಯ ಬಾನಾಡಿ. ಜೋಗದ ಬಂಡೆಯ ಸಂದಿಗಳು ಅದು ಗೂಡು ಕಟ್ಟುವ ಹೆಸರಾಂತ ಜಾಗ. 253 ಮೀಟರ್ ಎತ್ತರದ ಗೋಡೆ, ಮುಂದೆ ನೀರಿನ ಪರದೆ. ಅಲ್ಲಿಗೆ ಯಾವ ಕಳ್ಳ ಹತ್ತುತ್ತಾನೆ? ಅದರ ಕಾಲು ತಂತಿಯ ಮೇಲೆ ಕೂರಲು ಬಾರದು, ಗೋಡೆಗೆ ಉಗುರು ಸಿಕ್ಕಿಸಿ ನೇತಾಡಲಷ್ಟೇ ಸರಿ. ಹಾಗಾಗಿ ನನ್ನ ಕೆಲಸದಲ್ಲಿ ಯಾವತ್ತೂ ತೊಂದರೆ ಕೊಡದ ಹಕ್ಕಿ ಇದೊಂದೇ. ತಿನ್ನುವುದು, ಕುಡಿಯುವುದು ಎಲ್ಲ ಹಾರುತ್ತಲೇ. ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಈ ಜಾತಿಯ ಹಕ್ಕಿಗಳ ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ನೋಡಿದಾಗ, 200 ದಿನ ಒಮ್ಮೆಯೂ ಇಳಿಯದೆ ಗಾಳಿಯಲ್ಲೇ ಇದ್ದವು ಅಂತ 2013ರಲ್ಲಿ ಪ್ರಕಟಿಸಿದರು. ನಾನು ಕಂಬದ ಮೇಲೆ ಎರಡು ಗಂಟೆ ಇದ್ದರೆ ಸೊಂಟ ಹಿಡಿಯುತ್ತಿತ್ತು.

ಪ್ರಶ್ನೆ: ಅಟ್ಟದಲ್ಲಿ ಬಿಳಿ ಮುಖದ ಗೂಬೆ ಸೇರಿಕೊಂಡಿದೆ. ರಾತ್ರಿ ಬುಸ್ ಅನ್ನುತ್ತದೆ. ಮನೆ ಬಿಡಬೇಕು ಅನ್ನುತ್ತಾರೆ.
– ಭದ್ರಾವತಿ

ಮನೆ ಬಿಡಬೇಕಾದ್ದು ಇಲಿ. ಅದರ ಹೆಸರೇ ಕಣಜ ಗೂಬೆ. ಅಟ್ಟದಲ್ಲಿ ಕೂದಲು, ಮೂಳೆ ಸೇರಿದ ಕಪ್ಪು ಉಂಡೆ ಬಿದ್ದಿದ್ದರೆ ಒಂದು ಕಡ್ಡಿಯಿಂದ ಬಿಡಿಸಿ ನೋಡಿ. ಇಲಿಯನ್ನು ಇಡಿಯಾಗಿ ನುಂಗಿ, ಅರಗದ್ದನ್ನು ಹೀಗೆ ಕಕ್ಕುತ್ತದೆ. ತಲೆಬುರುಡೆ ಎಣಿಸಿದರೆ ನಿಮ್ಮ ಭತ್ತ ಎಷ್ಟು ಉಳಿಯಿತು ಅಂತ ಅಂದಾಜು ಸಿಗುತ್ತದೆ. ಬುಸ್ ಅನ್ನುವುದು ಹಾವಲ್ಲ, ಮರಿಗಳು ಇರಬೇಕು. ಮರಿ ಹಾರಿದ ಮೇಲೆ ಬೇಕಾದರೆ ಕಿಂಡಿ ಮುಚ್ಚಿಕೊಳ್ಳಿ. ಗೂಬೆ ಕೊಳ್ಳುತ್ತೇವೆ ಅಂತ ಯಾರಾದರೂ ಬಂದರೆ, ದೀಪಾವಳಿ ಹತ್ತಿರ ಬಂದಾಗ ಬರುತ್ತಾರೆ, ನೇರ ಅರಣ್ಯ ಇಲಾಖೆಗೆ ಫೋನ್ ಮಾಡಿ.

ಪ್ರಶ್ನೆ: ಮದುವೆಯಾಗಿ ಬಯಲುಸೀಮೆಯಿಂದ ಆಗುಂಬೆ ಹತ್ತಿರದ ಒಂಟಿಮನೆಗೆ ಬಂದಿದ್ದೇನೆ. ದಿನಾ ಬೆಳಗಿನ ಜಾವ ಐದಕ್ಕೆ ಹಳ್ಳದ ಕಡೆ ಯಾರೋ ಹುಡುಗ ಸಿಳ್ಳೆ ಹಾಕುತ್ತಾನೆ. ಯಾವುದೋ ಹಾಡು ಅರ್ಧಕ್ಕೆ ಮರೆತವನ ಹಾಗೆ. ಇವರು ದೊಣ್ಣೆ ಹಿಡಿದು ಎರಡು ಸಲ ಹೋಗಿ ಬಂದರು. ಯಾರೂ ಇಲ್ಲ. ನನಗೆ ಹೆದರಿಕೆ.
– ಹೆಸರು ಬೇಡ

ತಂಗೀ, ನಿಮ್ಮ ಯಜಮಾನರು ಮಲೆನಾಡಿನವರಾಗಿ ದೊಣ್ಣೆ ಹಿಡಿದು ಹೋದರಾ? ಅವರಿಗೆ ನಾನು ನಕ್ಕೆ ಅಂತ ಹೇಳಿ.

ಅದು ಸಿಳ್ಳಾರ. ಕಾಗೆಗಿಂತ ಚಿಕ್ಕದು, ಕಪ್ಪು ಮೈ, ಹಣೆಯಲ್ಲೂ ಭುಜದಲ್ಲೂ ಮಿಂಚುವ ನೀಲಿ. ಹಳ್ಳ, ಬಂಡೆ, ಮೋರಿ ಇದ್ದಲ್ಲಿ ಅದರ ಮನೆ. ಮನುಷ್ಯರೇ ಸಿಳ್ಳೆ ಹಾಕಿದ ಹಾಗೆ ಇರುತ್ತದೆ, ಒಂದು ರಾಗಕ್ಕೂ ನಿಲ್ಲುವುದಿಲ್ಲ. ಇಂಗ್ಲಿಷಿನವರೂ ಅದಕ್ಕೆ ಸಿಳ್ಳೆ ಹಾಕುವ ಶಾಲೆ ಹುಡುಗ ಅಂತಲೇ ಅಡ್ಡಹೆಸರಿಟ್ಟಿದ್ದಾರೆ.

ನಾನು ಮೊದಲು ಕೇಳಿದ್ದು ಒಂದು ಜುಲೈನಲ್ಲಿ. ರಾತ್ರಿಯಿಡೀ ಜಡಿಮಳೆ, ಮರ ಬಿದ್ದು ಲೈನು ಹರಿದಿತ್ತು. ಕೆಲಸ ಮುಗಿಸಿ ಬೆಳಗಿನ ಜಾವ ಮೋರಿ ಕಟ್ಟೆಯ ಮೇಲೆ ಕೂತು ನಾನು, ಹೆಲ್ಪರ್ ಕಾಲಿನ ಇಂಬಳ ಕೀಳುತ್ತಿದ್ದೆವು. ಕೆಳಗಿನಿಂದ ಸಿಳ್ಳೆ ಶುರುವಾಯಿತು. ಹೆಲ್ಪರ್ ಭಜನೆಯಲ್ಲಿ ತಾಳ ಹಾಕುವವನು, ಸುಮ್ಮನಿರಲಾರದೆ ತಾನೂ ಒಂದು ಸಾಲು ಸಿಳ್ಳೆ ಹಾಕಿದ. ಕೆಳಗೆ ನಿಶ್ಶಬ್ದ. ಸ್ವಲ್ಪ ಹೊತ್ತಾದ ಮೇಲೆ ಅದು ಬೇರೆಯೇ ಏನೋ ಶುರುಮಾಡಿತು. "ನನ್ನ ಶ್ರುತಿ ಸೇರಲಿಲ್ಲ ಅನ್ನಿಸುತ್ತೆ" ಅಂದ ಅವನು.

ಯಜಮಾನರಿಗೆ ದೊಣ್ಣೆ ಬಿಟ್ಟು ಟಾರ್ಚು ಕೊಡಿ. ಹಗಲಲ್ಲಿ ಹಳ್ಳದ ಬಂಡೆಯ ಚಾಚಿನಲ್ಲಿ, ಮೋರಿಯ ಒಳಗೆ ನೋಡಲಿ, ಪಾಚಿ ಮೆತ್ತಿದ ಬಟ್ಟಲಿನಂಥ ಗೂಡು ಇರಬಹುದು. ದೂರದಿಂದ ನೋಡಿ ವಾಪಸ್ ಬರಲಿ. ಮಳೆಗಾಲ ಮುಗಿಯುತ್ತ ಬಂದ ಹಾಗೆ ಹಾಡು ತಾನೇ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಹಳ್ಳದ ಕಡೆಯ ಕಿಟಕಿ ಹಾಕಿಕೊಳ್ಳುತ್ತೀರೋ ತೆಗೆದಿಡುತ್ತೀರೋ, ಮುಂದಿನ ಪತ್ರದಲ್ಲಿ ಬರೆಯಿರಿ.